ಹೆಂಡತಿಯ ಪಕ್ಕದಲ್ಲಿ ಮಲಗಲು ಊರ ಸ್ಮಶಾನಕ್ಕೆ ಬಂದ ಡ್ಯೂಕ್: ಮೈನಿಂಗೆನ್‌ನ ಎರಡನೆಯ ಗೆಯೋರ್ಗ್

ಹಳೆಯ ಪರದೆ

ಜರ್ಮನಿಯ ತುರಿಂಗಿಯಾದಲ್ಲಿ ವೆರ್ರಾ ನದಿಯ ದಂಡೆಗೆ ಮೈನಿಂಗೆನ್ ಎಂಬ ಊರಿದೆ. ಕೆಲಸದ ಮೇಲೆ ಜರ್ಮನಿಯಲ್ಲಿದ್ದಾಗ ಒಂದು ಭಾನುವಾರ ಐಸೆನಾಖ್‌ನಿಂದ ರೈಲು ಹತ್ತಿ ಅಲ್ಲಿಗೆ ಹೋಗಿದ್ದೆ. ಹೋದದ್ದು ನಾಟಕದ ಹುಚ್ಚಿನಿಂದ. ಆದರೆ ಮನಸ್ಸಿನಲ್ಲಿ ಬೇರೂರಿದ್ದು ಊರಿನ ಸ್ಮಶಾನ. ಸಾಮಾನ್ಯ ಜನರ ಸಮಾಧಿಗಳಿರುವ ಆ ಉದ್ಯಾನದಲ್ಲೇ ಸಾಕ್ಸೆ-ಮೈನಿಂಗೆನ್ ಸಂಸ್ಥಾನವನ್ನು 48 ವರ್ಷ ಆಳಿದ ಡ್ಯೂಕ್ ಎರಡನೆಯ ಗೆಯೋರ್ಗ್ ಮಲಗಿದ್ದಾನೆ. ಪಕ್ಕದಲ್ಲಿ ಅವನ ಮೂರನೆಯ ಹೆಂಡತಿ ಎಲೆನ್ ಫ್ರಾಂಟ್ಸ್. ಆಕೆ ನಟಿ. ರಾಜಮನೆತನದ ಸಮಾಧಿಗೃಹದಲ್ಲಿ ಅವಳಿಗೆ ಜಾಗ ಸಿಗುವಂತಿರಲಿಲ್ಲ. ಅವಳಿಗಿಲ್ಲದ ಜಾಗ ತನಗೂ ಬೇಡವೆಂದು ಅವನು ಇಲ್ಲಿಗೆ ಬಂದ.

ಯುರೋಪಿನ ರಂಗಭೂಮಿಯ ಚರಿತ್ರೆ ಓದಿದವರಿಗೆಲ್ಲ ‘ರಂಗಭೂಮಿಯ ಡ್ಯೂಕ್’ ಗೊತ್ತು. ಅವನ ಮನೆಯ ಕಥೆಯನ್ನು ಮಾತ್ರ ಅಡಿಟಿಪ್ಪಣಿಯಂತೆ ಹೇಳಿ ಮುಂದೆ ಹೋಗುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಅವನ ಮನೆಯನ್ನು ಬಿಟ್ಟು ಅವನ ರಂಗಮಂದಿರ ಅರ್ಥವಾಗುವುದಿಲ್ಲ ಎಂಬುದು ನನ್ನ ನಂಬಿಕೆ. ಆದ್ದರಿಂದ ಮನೆಯಿಂದಲೇ ಶುರುಮಾಡುತ್ತೇನೆ.

ಗೆಯೋರ್ಗ್ ಹುಟ್ಟಿದ್ದು 1826ರ ಏಪ್ರಿಲ್ 2ರಂದು. ಅದರ ಹಿಂದಿನ ವರ್ಷ ಆ ಮನೆತನದ ಗೋಥಾ ಶಾಖೆ ವಾರಸುದಾರರಿಲ್ಲದೆ ಮುಗಿದುಹೋಗಿತ್ತು, 1826ರಲ್ಲಿ ದಾಯಾದಿಗಳು ಅದರ ನೆಲ ಹಂಚಿಕೊಂಡರು. ಮೈನಿಂಗೆನ್‌ಗೆ ಹಿಲ್ಡ್‌ಬುರ್ಗ್‌ಹೌಸನ್, ಸಾಲ್‌ಫೆಲ್ಟ್ ಬಂದವು. ಅಷ್ಟೆಲ್ಲ ಸೇರಿಯೂ ರಾಜ್ಯದ ವಿಸ್ತೀರ್ಣ ಸುಮಾರು 2,468 ಚದರ ಕಿಲೋಮೀಟರ್, ನಮ್ಮ ಒಂದು ಸಣ್ಣ ಜಿಲ್ಲೆಯಷ್ಟು.

1850ರಲ್ಲಿ ಅವನು, ಬರ್ಲಿನ್ ರಾಜಧಾನಿಯಾಗಿದ್ದ ಬಲಿಷ್ಠ ಜರ್ಮನ್ ರಾಜ್ಯ ಪ್ರಷ್ಯಾದ ರಾಜಕುಮಾರಿ ಷಾರ್ಲೊಟ್ಟೆಯನ್ನು ಮದುವೆಯಾದ. ಒಲಿದು ಆದ ಮದುವೆ. ಐದು ವರ್ಷ ತುಂಬುವುದರೊಳಗೆ ಎಲ್ಲ ಮುಗಿಯಿತು. 1855ರ ಜನವರಿಯಲ್ಲಿ ಎರಡು ವರ್ಷದ ಮಗ ತೀರಿಕೊಂಡ. ಮಾರ್ಚ್ 30ರಂದು ಹೆರಿಗೆಯಲ್ಲಿ ಷಾರ್ಲೊಟ್ಟೆ ಹೋದಳು. ಆ ಹಸುಗೂಸೂ ಉಳಿಯಲಿಲ್ಲ. ಆಕೆಗೆ 23 ವರ್ಷ, ಅವನಿಗೆ ಇನ್ನೂ 29 ತುಂಬಿರಲಿಲ್ಲ. ತಾಯಿಯಿಲ್ಲದ ಎರಡು ಚಿಕ್ಕ ಮಕ್ಕಳು ಉಳಿದರು: ಬೆರ್ನ್‌ಹಾರ್ಟ್ ಮತ್ತು ಮಾರೀ ಎಲಿಜಬೆತ್.

1858ರಲ್ಲಿ ಎರಡನೆಯ ಮದುವೆ, ಹೋಹೆನ್‌ಲೋಹೆ-ಲಾಂಗೆನ್‌ಬುರ್ಗ್‌ನ ಫೆಯೊಡೋರಾಳೊಂದಿಗೆ. ಆಕೆ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಮಲಸಹೋದರಿಯ ಮಗಳು. ಎರ್ನ್ಸ್ಟ್, ಫ್ರೀಡ್ರಿಖ್ ಎಂಬ ಗಂಡುಮಕ್ಕಳಾದರು. ಮೂರನೆಯ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಸತ್ತಿತು. ಅಲ್ಲಿಂದ ಮುಂದೆ ಗಂಡ ಹೆಂಡತಿಯ ನಡುವೆ ದೂರ ಬೆಳೆಯಿತು. 1872ರ ಫೆಬ್ರುವರಿಯಲ್ಲಿ ಕೆಂಪುಜ್ವರ ಅವಳನ್ನು ಕೊಂಡೊಯ್ದಿತು.

ಹದಿಮೂರು ತಿಂಗಳ ನಂತರ, 1873ರ ಮಾರ್ಚ್ 18ರಂದು, ಲೀಬೆನ್‌ಸ್ಟೈನ್‌ನಲ್ಲಿ ಅವನು ತನ್ನದೇ ರಂಗಮಂದಿರದ ನಟಿ ಎಲೆನ್ ಫ್ರಾಂಟ್ಸಳ ಕೈ ಹಿಡಿದ. ತಂದೆ ಸಿಡಿದೆದ್ದ. ಬರ್ಲಿನ್‌ನಲ್ಲಿ ಚಕ್ರವರ್ತಿ ಒಂದನೆಯ ವಿಲ್ಹೆಲ್ಮ್ ಕೆಂಡವಾದ. ಎಲೆನ್‌ಗೆ ‘ಹೆಲ್ಡ್‌ಬುರ್ಗ್‌ನ ಬ್ಯಾರನೆಸ್’ ಎಂಬ ಪದವಿಯಷ್ಟೇ ದಕ್ಕಿತು. ಡಚೆಸ್ ಎನ್ನಿಸಿಕೊಳ್ಳಲು ಕಾನೂನು ಬಿಡಲಿಲ್ಲ. ಈ ದಾಂಪತ್ಯ 41 ವರ್ಷ ನಡೆಯಿತು.

ದಕ್ಷಿಣದ ತೀರ

ನಿಮ್ಮ ಬರಹ ಓದುತ್ತಾ ಕುಳಿತಲ್ಲೇ ನೆಟ್ಟಗಾದೆ. ನಾನಿರುವುದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ, ಹನ್ನೊಂದು ವರ್ಷವಾಯಿತು. ಈ ಊರಿಗೆ ಹೆಸರು ಕೊಟ್ಟ ಅಡಿಲೇಡ್ ರಾಣಿ ಹುಟ್ಟಿದ್ದು ಇದೇ ಮೈನಿಂಗೆನ್‌ನಲ್ಲಿ, 1792ರಲ್ಲಿ. ನಿಮ್ಮ ಡ್ಯೂಕ್‌ಗೆ ಆಕೆ ಸೋದರತ್ತೆ, ಅವನ ತಂದೆ ಎರಡನೆಯ ಬೆರ್ನ್‌ಹಾರ್ಟನ ಅಕ್ಕ. 1818ರಲ್ಲಿ ಇಂಗ್ಲೆಂಡಿನ ರಾಜಕುಮಾರ ವಿಲಿಯಂನನ್ನು ಮದುವೆಯಾದಳು. ಮುಂದೆ ಅವನು ನಾಲ್ಕನೆಯ ವಿಲಿಯಂ ಎಂದು ಪಟ್ಟಕ್ಕೆ ಬಂದ. ಇವರ ಹೆಣ್ಣುಮಕ್ಕಳು ಹಸುಳೆಗಳಾಗಿರುವಾಗಲೇ ತೀರಿಕೊಂಡರು, ಸಿಂಹಾಸನ ವಿಕ್ಟೋರಿಯಾಗೆ ಹೋಯಿತು. ಇಲ್ಲಿ ಊರು ಕಟ್ಟಲು ಶುರುಮಾಡಿದ 1836ರಲ್ಲಿ ರಾಣಿ ಆಕೆಯೇ.

ದಿನಾ ವಿಳಾಸದಲ್ಲಿ ಬರೆಯುವ ಹೆಸರು ಮಕ್ಕಳನ್ನು ಕಳೆದುಕೊಂಡ ಒಬ್ಬ ತಾಯಿಯದು ಎಂದು ಈಗ ಬೇರೆಯಾಗಿ ಕೇಳಿಸುತ್ತಿದೆ. ಅತ್ತೆ, ಅಳಿಯ ಇಬ್ಬರ ಮನೆಯಲ್ಲೂ ತೊಟ್ಟಿಲು ಎಷ್ಟು ಸಲ ಬರಿದಾಯಿತು!

ಬಣ್ಣದ ಮನೆ

ಹಳೆಯ ಪರದೆಯವರೇ, ರಂಗಮಂದಿರದ ಕಡೆಯಿಂದ ನಾನು ಸೇರಿಕೊಳ್ಳುತ್ತೇನೆ. ಹವ್ಯಾಸಿ ತಂಡವೊಂದರಲ್ಲಿ ಇಪ್ಪತ್ತು ವರ್ಷದಿಂದ ನಾಟಕ ಮಾಡಿಸುತ್ತಿದ್ದೇನೆ. ನಮ್ಮ ದೊಡ್ಡ ಕಷ್ಟ ಗುಂಪಿನ ದೃಶ್ಯ. ಎಂಟು ಹುಡುಗರನ್ನು ‘ಜನಸಮೂಹ’ ಎಂದು ರಂಗಕ್ಕೆ ಬಿಟ್ಟರೆ ಎಂಟೂ ಜನ ಸಾಲಾಗಿ ನಿಂತು, ತಮ್ಮ ಮನೆಯವರು ಎಲ್ಲಿ ಕುಳಿತಿದ್ದಾರೆಂದು ಪ್ರೇಕ್ಷಕರ ಕಡೆ ನೋಡುತ್ತಾರೆ.

ಈ ಕಷ್ಟಕ್ಕೆ ಮದ್ದು ಹುಡುಕಿದವನು ಈ ಡ್ಯೂಕ್. ನಟರಿಗಾಗಿ ಅವನು ಬರೆದ ಸೂಚನೆಗಳನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ರಂಗದ ನಟ್ಟನಡುವೆ ನಿಲ್ಲಬೇಡಿ, ಚಿತ್ರದ ಕೇಂದ್ರ ರಂಗದ ಕೇಂದ್ರವಾಗಬೇಕಿಲ್ಲ. ಪಕ್ಕಪಕ್ಕದಲ್ಲಿ ನಿಂತವರ ತಲೆ ಒಂದೇ ಎತ್ತರಕ್ಕೆ ಬರಬಾರದು. ಒಬ್ಬ ಮೆಟ್ಟಿಲ ಮೇಲಿರಲಿ, ಇನ್ನೊಬ್ಬ ಮಂಡಿಯೂರಲಿ. ಪಕ್ಕದವನು ನಿನ್ನಂತೆಯೇ ನಿಂತಿರುವುದು ಕಂಡರೆ ನಿನ್ನ ಭಂಗಿಯನ್ನು ಕೂಡಲೇ ಬದಲಿಸು. ಸೈನಿಕರ ಈಟಿಗಳು ಒಂದೇ ಕೋನದಲ್ಲಿ ಏಳಬಾರದು. ಬಟ್ಟೆಯ ಮೇಲೆ ಬರೆದ ಮರಕ್ಕೆ ಕೈ ತಾಗಿಸಬೇಡ, ಅದು ಅಲುಗಿದರೆ ಕಾಡೆಲ್ಲ ಸುಳ್ಳಾಗುತ್ತದೆ. ಕತ್ತಿ, ಕವಚ, ಶಿರಸ್ತ್ರಾಣಗಳನ್ನು ಮೊದಲ ತಾಲೀಮಿನಿಂದಲೇ ಹೊತ್ತು ಅಭ್ಯಾಸ ಮಾಡಿ.

ಗುಂಪನ್ನು ಸಣ್ಣಸಣ್ಣ ತಂಡಗಳಾಗಿ ಒಡೆದು ಒಂದೊಂದಕ್ಕೂ ನುರಿತ ನಟನೊಬ್ಬನನ್ನು ಮುಂದಾಳಾಗಿ ಇಟ್ಟ. ಇವತ್ತು ಮುಖ್ಯ ಪಾತ್ರ ಮಾಡಿದವನು ನಾಳೆ ಮಾತಿಲ್ಲದ ಸೇವಕನಾಗಿ ನಿಲ್ಲಬೇಕು. ಒಲ್ಲೆ ಎನ್ನುವವನಿಗೆ ಅಲ್ಲಿ ಜಾಗವಿಲ್ಲ. ಪೋಷಾಕುಗಳ ಚಿತ್ರವನ್ನು ಡ್ಯೂಕ್ ಸ್ವತಃ ಬರೆದ. ಆ ಕೈ ಚಿತ್ರಕಲೆ ಕಲಿತ ಕೈ. ಪರದೆಗಳನ್ನು ಕೋಬುರ್ಗ್‌ನ ಬ್ರ್ಯೂಕ್ನರ್ ಸಹೋದರರು ಬರೆದುಕೊಟ್ಟರು.

1874ರ ಮೇ 1ರಂದು ಬರ್ಲಿನ್‌ನಲ್ಲಿ ಈ ಪುಟ್ಟ ಊರಿನ ತಂಡ ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ಆಡಿತು. ಆ ನಾಟಕದ ನಿಜವಾದ ನಾಯಕ ರೋಮಿನ ಜನಸಮೂಹ ಎಂದು ಪ್ರೇಕ್ಷಕರು ಅಂದು ಕಣ್ಣಾರೆ ಕಂಡರು. ಆಂಟನಿಯ ಮಾತಿಗೆ ಗುಂಪು ತುಸುತುಸುವೇ ಕದಲಿ, ಗುಜುಗುಜು ಏರಿ, ಕೊನೆಗೆ ಬೆಂಕಿಯಾಗುವುದನ್ನು ಅದುವರೆಗೆ ಯಾರೂ ಹಾಗೆ ತೋರಿಸಿರಲಿಲ್ಲ. 1890ರವರೆಗೆ ತಂಡ ಯುರೋಪ್ ಸುತ್ತಿ 2,500ಕ್ಕೂ ಹೆಚ್ಚು ಪ್ರದರ್ಶನ ಕೊಟ್ಟಿತು. 1881ರಲ್ಲಿ ಲಂಡನ್, 1888ರಲ್ಲಿ ಬ್ರಸೆಲ್ಸ್. ಅಲ್ಲಿ ನೋಡಿದವನು ಫ್ರಾನ್ಸಿನ ನಾಟಕ ನಿರ್ದೇಶಕ ಆಂತ್ವಾನ್. ಮಾಸ್ಕೋದಲ್ಲಿ ನೋಡಿದವನು ರಷ್ಯಾದ ನಾಟಕ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ. ಮುಂದಿನದು ಇಡೀ ಆಧುನಿಕ ರಂಗಭೂಮಿಯ ಕಥೆ.

ನಮ್ಮ ಎಂಟು ಹುಡುಗರನ್ನು ನಾನೂ ಮೂರು ತಂಡ ಮಾಡಿದೆ. ಒಬ್ಬನಿಗೆ ಕಂಕುಳಲ್ಲಿ ಕೂಸು ಕೊಟ್ಟೆ, ಒಬ್ಬನಿಗೆ ಕಿವಿ ಸರಿಯಾಗಿ ಕೇಳದು ಎಂದೆ, ಅವನ ಪಕ್ಕದವನಿಗೆ ಎಲ್ಲವನ್ನೂ ಅವನ ಕಿವಿಯಲ್ಲಿ ಹೇಳುವ ಕೆಲಸ. ಆ ರಾತ್ರಿ ಒಬ್ಬನೂ ಪ್ರೇಕ್ಷಕರ ಕಡೆ ತಿರುಗಲಿಲ್ಲ.

ಲೆಕ್ಕಪತ್ರ

ನಾಟಕದ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಸಂಸ್ಥಾನದ ಇನ್ನೊಂದು ಮೂಲೆಯನ್ನೂ ನೋಡೋಣ. ಅಲ್ಲಿಯ ಸೊನ್ನೆಬೆರ್ಗ್ ಬೊಂಬೆಗಳಿಗೆ ಜಗತ್ಪ್ರಸಿದ್ಧ. ಲೌಶಾ ಗಾಜಿನ ಕೆಲಸಕ್ಕೆ, ಕ್ರಿಸ್ಮಸ್ ಮರಕ್ಕೆ ತೂಗುಹಾಕುವ ಗಾಜಿನ ಗುಂಡುಗಳಿಗೆ. ಆ ಬೊಂಬೆಗಳಲ್ಲಿ ಬಹುಪಾಲು ತಯಾರಾದದ್ದು ಮನೆಮನೆಗಳಲ್ಲಿ. ತಂದೆ ಅಚ್ಚು ಹಾಕುತ್ತಿದ್ದ, ತಾಯಿ ಹೊಲಿಯುತ್ತಿದ್ದಳು, ಮಕ್ಕಳು ಅಂಟು ಬಳಿಯುತ್ತಿದ್ದರು. ಲಾಭವೆಲ್ಲ ವ್ಯಾಪಾರಿಗಳ ಪಾಲಾಯಿತು. ಅರಮನೆಯಲ್ಲಿ ಸೀಸರನ ನಿಲುವಂಗಿಯ ಮಡಿಕೆಯ ಬಗ್ಗೆ ಚರ್ಚೆ ನಡೆಯುವ ಹೊತ್ತಿನಲ್ಲಿ ದೀಪದ ಬುಡದಲ್ಲಿ ಕಣ್ಣು ಕಳೆದುಕೊಳ್ಳುತ್ತಿದ್ದ ಮಕ್ಕಳೂ ಅವನ ಪ್ರಜೆಗಳೇ. ಒಬ್ಬ ಅರಸನನ್ನು ಅಳೆಯುವಾಗ ಇದನ್ನು ಬಿಡಬಾರದು.

ಇನ್ನೊಂದು ಮಾತು. ಅವನು ಪಟ್ಟಕ್ಕೆ ಬಂದ ರೀತಿಯೂ ಅಷ್ಟೇನೂ ಹೆಮ್ಮೆಯದಲ್ಲ. 1866ರ ಯುದ್ಧದಲ್ಲಿ ತಂದೆ ಆಸ್ಟ್ರಿಯಾದ ಪಕ್ಷ ಹಿಡಿದ, ಸೋತ. ಪ್ರಷ್ಯಾದ ಸೈನ್ಯ ಊರೊಳಕ್ಕೆ ಬಂತು. ಸೆಪ್ಟೆಂಬರ್ 20ರಂದು ತಂದೆ ಇಳಿದ, ಮಗ ಏರಿದ.

ಹಳೆಯ ಪರದೆ

ಲೆಕ್ಕಪತ್ರ ಅವರೇ, ಸೊನ್ನೆಬೆರ್ಗ್‌ನ ಮಾತು ನಿಜ, ಅದಕ್ಕೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ. ನೀವು ಹೇಳಿದ್ದು ಒಳ್ಳೆಯದಾಯಿತು.

ಪಟ್ಟದ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ತಂದೆ ಇಳಿಯದಿದ್ದರೆ ಹಾನೋವರ್‌ನಂತೆ ಮೈನಿಂಗೆನ್ ಕೂಡ ಪ್ರಷ್ಯಾದ ಹೊಟ್ಟೆಗೆ ಸೇರುವ ಸಂಭವವಿತ್ತು. ಮಗ ಪ್ರಷ್ಯಾದ ಸೈನ್ಯದಲ್ಲಿ ಸೇವೆ ಮಾಡಿದವನು, ಮೊದಲ ಹೆಂಡತಿ ಅಲ್ಲಿಯವಳು. ಅವನು ಅವರಿಗೆ ಒಪ್ಪಿಗೆಯಾಗುವ ವ್ಯಕ್ತಿಯಾಗಿದ್ದ. ರಾಜ್ಯ ಉಳಿಯಿತು, ಆದರೆ ಯುದ್ಧ ಮತ್ತು ವಿದೇಶಾಂಗದ ಅಧಿಕಾರವೆಲ್ಲ ಕ್ರಮೇಣ ಬರ್ಲಿನ್‌ಗೆ ಹೋಯಿತು. ಕೈಯಲ್ಲಿ ಉಳಿದ ಅಲ್ಪ ಅಧಿಕಾರವನ್ನು ಏನು ಮಾಡುವುದು? ಅನೇಕ ಸಣ್ಣ ಅರಸರು ಬೇಟೆಯಾಡಿದರು. ಇವನು ರಂಗಮಂದಿರ ಕಟ್ಟಿದ.

ಖರ್ಚಿನ ಬಗ್ಗೆ ಹೇಳುವುದಾದರೆ, ಪಟ್ಟಕ್ಕೆ ಬಂದ ಕೂಡಲೇ ಅವನು ಆಸ್ಥಾನದ ಒಪೇರಾ ತಂಡವನ್ನು ಮುಚ್ಚಿದ. ಇದ್ದ ಹಣ ಚದುರದೆ ನಾಟಕಕ್ಕೂ ವಾದ್ಯವೃಂದಕ್ಕೂ ಹೋಗಲಿ ಎಂಬುದು ಅವನ ಎಣಿಕೆ.

ರಾಗಾಲಾಪ

ವಾದ್ಯವೃಂದದ ಹೆಸರು ಬಂತು, ಇನ್ನು ಸುಮ್ಮನಿರಲಾರೆ!

ಮೈನಿಂಗೆನ್‌ನ ಆಸ್ಥಾನ ವಾದ್ಯವೃಂದ 1690ರಷ್ಟು ಹಳೆಯದು. ಆದರೆ ಅದಕ್ಕೆ ಹೊಸ ಜೀವ ಬಂದದ್ದು 1880ರಲ್ಲಿ ಹಾನ್ಸ್ ಫಾನ್ ಬ್ಯೂಲೋ ಅದರ ನಿರ್ದೇಶಕನಾಗಿ ಬಂದಾಗ. ಇಲ್ಲಿ ಎಲೆನ್‌ಳ ಕೈ ಕಾಣುತ್ತದೆ. ಹುಡುಗಿಯಾಗಿದ್ದಾಗ ಬರ್ಲಿನ್‌ನಲ್ಲಿ ಆಕೆ ಪಿಯಾನೋ ಕಲಿತದ್ದು ಇದೇ ಬ್ಯೂಲೋನಿಂದ. ಅವನ ಆಗಿನ ಹೆಂಡತಿ ಕೊಸಿಮಾ ಎಲೆನ್‌ಳ ಆಪ್ತ ಗೆಳತಿ. ಅಷ್ಟು ದೊಡ್ಡ ಸಂಗೀತಗಾರ ಇಷ್ಟು ಚಿಕ್ಕ ಊರಿಗೆ ಬರಲು ಹಳೆಯ ಶಿಷ್ಯೆಯ ಮನೆಯಿದೆ ಎನ್ನುವುದೂ ಒಂದು ಕಾರಣವಾಗಿರಬೇಕು ಎಂದು ನಾನು ಭಾವಿಸುತ್ತೇನೆ.

ಬ್ಯೂಲೋ ಹಿಂದೆಯೇ ಸಂಗೀತ ರಚನಕಾರ ಬ್ರಾಮ್ಸ್ ಬಂದ. 1885ರ ಅಕ್ಟೋಬರ್ 25ರಂದು ಅವನ ನಾಲ್ಕನೆಯ ಸಿಂಫನಿ ಮೊದಲ ಬಾರಿಗೆ ಕೇಳಿಸಿದ್ದು ಮೈನಿಂಗೆನ್‌ನಲ್ಲಿ, ಅವನದೇ ನಿರ್ದೇಶನದಲ್ಲಿ. ಆ ದಿನಗಳಲ್ಲಿ ಬ್ಯೂಲೋಗೆ ಸಹಾಯಕನಾಗಿದ್ದ ಇಪ್ಪತ್ತೊಂದರ ಹುಡುಗ, ಮುಂದೆ ದೊಡ್ಡ ಸಂಗೀತ ರಚನಕಾರನಾದ ರಿಚರ್ಡ್ ಸ್ಟ್ರಾಸ್. 1891ರಲ್ಲಿ ಬ್ರಾಮ್ಸ್ ಮತ್ತೆ ಬಂದಾಗ ಇನ್ನು ಹೊಸದಾಗಿ ಬರೆಯುವುದು ಸಾಕು ಎಂಬ ಮನಸ್ಸಿನಲ್ಲಿದ್ದ. ಅಲ್ಲಿಯ ವಾದ್ಯವೃಂದದಲ್ಲಿ ರಿಚರ್ಡ್ ಮ್ಯೂಲ್‌ಫೆಲ್ಟ್ ಎಂಬ ಕ್ಲಾರಿನೆಟ್ ವಾದಕನಿದ್ದ, ಮೊದಲು ಪಿಟೀಲುವಾದಕನಾಗಿ ಸೇರಿದವನು. ಅವನ ನುಡಿಸಾಣಿಕೆ ಕೇಳಿ ಬ್ರಾಮ್ಸ್ ಮತ್ತೆ ಲೇಖನಿ ಹಿಡಿದ. ಕ್ಲಾರಿನೆಟ್ ತ್ರಿವಾದನ, ಪಂಚವಾದನ ಎರಡೂ ಆ ಬೇಸಿಗೆಯ ಫಲ. ಪಂಚವಾದನದ ಎರಡನೆಯ ಭಾಗದಲ್ಲಿ ನಾಲ್ಕು ತಂತಿವಾದ್ಯಗಳು ಉಸಿರು ಬಿಗಿಹಿಡಿದಂತೆ ಮೆಲ್ಲನೆ ನಡುಗುತ್ತಿರುವಾಗ ಕ್ಲಾರಿನೆಟ್ ಒಂಟಿಯಾಗಿ ಅಲೆಯಲು ಹೊರಡುತ್ತದೆ. ನಮ್ಮ ಆಲಾಪನೆಯನ್ನು ಬಲ್ಲ ಕಿವಿಗೆ ಅದು ಪರಕೀಯವೆನ್ನಿಸುವುದೇ ಇಲ್ಲ. ದಯವಿಟ್ಟು ಒಮ್ಮೆ ಕೇಳಿ.

ಮನೆಯ ಮಾತಿಗೆ ಬರುತ್ತೇನೆ. ಮೊದಲ ಹೆಂಡತಿಯ ಮಗಳು ಮಾರೀ ಎಲಿಜಬೆತ್ ಮದುವೆಯಾಗಲಿಲ್ಲ, ಸಂಗೀತವನ್ನೇ ಹಿಡಿದಳು. ಕ್ಲಾರಿನೆಟ್ ಮತ್ತು ಪಿಯಾನೋಗಾಗಿ ಆಕೆ ಬರೆದ ‘ರೊಮಾನ್ಸ್’ ಇಂದಿಗೂ ವಾದಕರ ಕೈಯಲ್ಲಿದೆ. ತಾಯಿ ತೀರಿಕೊಂಡಾಗ ಒಂದೂವರೆ ವರ್ಷದವಳಾಗಿದ್ದ ಆ ಮಗು.

ಹೊಸ ಓದುಗ

ಮಿಕ್ಕ ಮಕ್ಕಳು ಏನಾದರು? ಮಲತಾಯಿಯನ್ನು ಒಪ್ಪಿಕೊಂಡರೇ? ಇತಿಹಾಸ ನನ್ನ ವಿಷಯವಲ್ಲ, ಆದರೆ ಇದನ್ನು ತಿಳಿಯದೆ ಇವತ್ತು ಮಲಗಲಾರೆ.

ವಂಶವೃಕ್ಷ

ಹಿರಿಯ ಮಗ ಬೆರ್ನ್‌ಹಾರ್ಟ್ ಒಪ್ಪಲಿಲ್ಲ. ಅವನು ಸೈನಿಕ, ಜೊತೆಗೆ ಗ್ರೀಕ್ ಭಾಷೆಯಲ್ಲಿ ನಿಜವಾದ ಪಾಂಡಿತ್ಯ ಇದ್ದವನು. 1878ರಲ್ಲಿ ಪ್ರಷ್ಯಾದ ಇನ್ನೊಬ್ಬ ಷಾರ್ಲೊಟ್ಟೆಯನ್ನು ಮದುವೆಯಾದ. ತಾಯಿಯ ಹೆಸರೇ ಹೆಂಡತಿಯ ಹೆಸರೂ. ಈಕೆ ವಿಕ್ಟೋರಿಯಾ ರಾಣಿಯ ಮೊಮ್ಮಗಳು, ಮುಂದೆ ಕೈಸರ್ ಆದ ಎರಡನೆಯ ವಿಲ್ಹೆಲ್ಮನ ತಂಗಿ. ಬರ್ಲಿನ್‌ನ ಸಡಗರ ಬಿಟ್ಟು ಮೈನಿಂಗೆನ್‌ನಲ್ಲಿ ಇರಲು ಆಕೆಗೆ ಮನಸ್ಸಿರಲಿಲ್ಲ. ಒಬ್ಬಳೇ ಮಗಳು ಹುಟ್ಟಿದಳು, ಆ ಮಗಳಿಗೆ ಮಕ್ಕಳಾಗಲಿಲ್ಲ.

ಎರಡನೆಯವನು ಎರ್ನ್ಸ್ಟ್, ಚಿತ್ರಕಾರ. ಈತ 1892ರಲ್ಲಿ ಕಾದಂಬರಿಕಾರ ವಿಲ್ಹೆಲ್ಮ್ ಯೆನ್ಸನ್‌ನ ಮಗಳು ಕಥರೀನಾಳನ್ನು ವರಿಸಿದ. ಅವಳೂ ರಾಜವಂಶದವಳಲ್ಲ. ಡ್ಯೂಕ್ ಆಗ ಏನು ಮಾಡಿದ ಗೊತ್ತೇ? ಸೊಸೆಗೆ ‘ಸಾಲ್‌ಫೆಲ್ಟ್‌ನ ಬ್ಯಾರನೆಸ್’ ಎಂಬ ಪದವಿ ಕೊಟ್ಟು ಮನೆತುಂಬಿಸಿಕೊಂಡ. ತನ್ನ ತಂದೆ ತನಗೆ ಕೊಡದಿದ್ದ ಒಪ್ಪಿಗೆಯನ್ನು ಅವನು ಮಗನಿಗೆ ಕೊಟ್ಟ. ಈ ಮನೆತನದ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಘಟನೆ ಇದು.

ಕಿರಿಯವನು ಫ್ರೀಡ್ರಿಖ್, ಸೈನ್ಯಾಧಿಕಾರಿ. 1914ರ ಆಗಸ್ಟ್ 23ರಂದು ಬೆಲ್ಜಿಯಂನ ರಣರಂಗದಲ್ಲಿ ಮಡಿದ. ಕೆಲವೇ ದಿನಗಳಲ್ಲಿ ಅವನ ಹದಿನೆಂಟು ವರ್ಷದ ಮಗನೂ ಯುದ್ಧಕ್ಕೆ ಬಲಿಯಾದ. ಡ್ಯೂಕ್ ಇದನ್ನು ನೋಡಲಿಲ್ಲ. ಜೂನ್ 25ರಂದು, ಮೊದಲ ಮಹಾಯುದ್ಧಕ್ಕೆ ಕಿಡಿಯಾದ ಸರಯೇವೊದ ಗುಂಡು ಹಾರುವ ಮೂರು ದಿನ ಮೊದಲು, 88ನೆಯ ವಯಸ್ಸಿನಲ್ಲಿ ಅವನು ಕಣ್ಣು ಮುಚ್ಚಿದ್ದ.

ಬಣ್ಣದ ಮನೆ

ಎಲೆನ್‌ಳ ಬಗ್ಗೆ ನನಗೊಂದು ಸಂಕಟವಿದೆ, ಹೇಳಿಬಿಡುತ್ತೇನೆ. ಮದುವೆಯಾದ ದಿನದಿಂದ ಆಕೆ ಬಣ್ಣ ಹಚ್ಚಲಿಲ್ಲ. ಡ್ಯೂಕನ ಹೆಂಡತಿ ರಂಗದ ಮೇಲೆ ನಿಲ್ಲುವಂತಿಲ್ಲ. ಆಗ ಆಕೆಗೆ 33 ವರ್ಷ. ನಟಿಗೆ ಅದು ದೊಡ್ಡ ಪಾತ್ರಗಳು ಕೈಗೆ ಬರುವ ವಯಸ್ಸು. ಬರ್ಲಿನ್‌ನ ಆ ಮೊದಲ ಪ್ರದರ್ಶನ ನಡೆದದ್ದು ಆಕೆ ರಂಗ ಬಿಟ್ಟ ಮರುವರ್ಷ. ಯುರೋಪೆಲ್ಲ ಕೊಂಡಾಡಿದ ಆ ತಂಡದಲ್ಲಿ ಆಕೆಯ ಧ್ವನಿಯೊಂದೇ ಇರಲಿಲ್ಲ.

ಆದರೆ ಅವಳ ಕಿವಿ ಇತ್ತು. ತಂಡದ ಕೆಲಸ ಮೂವರ ನಡುವೆ ಹಂಚಿತ್ತು. ಕಣ್ಣಿಗೆ ಕಾಣುವುದೆಲ್ಲ ಡ್ಯೂಕನದು. ತಾಲೀಮು, ಶಿಸ್ತು, ಪ್ರವಾಸ ಇವು ಲುಡ್ವಿಗ್ ಕ್ರೋನೆಕ್‌ನದು. ನಾಟಕದ ಆಯ್ಕೆ, ಪಠ್ಯ ಪರಿಷ್ಕರಣೆ, ಹೊಸ ನಟರಿಗೆ ಮಾತಿನ ಪಾಠ ಇವು ಎಲೆನ್‌ಳದು. ಕ್ರೋನೆಕ್‌ನ ಆರೋಗ್ಯ ಕೆಟ್ಟಾಗ 1890ರಲ್ಲಿ ಪ್ರವಾಸವೇ ನಿಂತಿತು ಎಂದರೆ ಈ ಮೂರು ಕಂಬಗಳ ತೂಕ ತಿಳಿಯುತ್ತದೆ. ಇಬ್ಸೆನ್‌ನ ‘ಗೋಸ್ಟ್ಸ್’ ನಾಟಕವನ್ನು ಜರ್ಮನಿಯ ಹಲವೆಡೆ ಆಡಲು ಬಿಡದಿದ್ದ ಕಾಲದಲ್ಲಿ, 1886ರ ಡಿಸೆಂಬರಿನಲ್ಲಿ, ಮೈನಿಂಗೆನ್ ಅದನ್ನು ಆಡಿತು. ನಾಟಕ ಬರೆದ ಇಬ್ಸೆನ್ ತಾನೇ ಬಂದು ಕುಳಿತು ನೋಡಿದ. ಮನೆಯ ಮರ್ಯಾದೆಯ ಹೆಸರಿನಲ್ಲಿ ಮುಚ್ಚಿಟ್ಟದ್ದೆಲ್ಲ ಹೊರಬೀಳುವ ನಾಟಕ ಅದು. ಮನೆತನದ ಮರ್ಯಾದೆಯ ಏಟು ತಿಂದ ದಂಪತಿ ಅದನ್ನು ತಮ್ಮ ಅಂಗಳದಲ್ಲಿ ಆಡಿಸಿದರಲ್ಲ, ಅದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.

ಹಳೆಯ ಪರದೆಯವರೇ, ಪಕ್ಕದ ಸಮಾಧಿ ಆಕೆಗೆ ಸಿಕ್ಕಿತು, ಸಂತೋಷ. ಆದರೆ ಆಕೆ ಕೊಟ್ಟದ್ದು ಅದಕ್ಕಿಂತ ದೊಡ್ಡದು ಎಂದು ನಾನು ಹೇಳುತ್ತೇನೆ.

ಲೆಕ್ಕಪತ್ರ

ಬಣ್ಣದ ಮನೆಯವರ ಮಾತಿಗೆ ನನ್ನ ಪೂರ್ಣ ಸಮ್ಮತಿ. ಡ್ಯೂಕನ ಪರವಾಗಿ ಒಂದು ವಿಷಯ ನಾನೇ ಸೇರಿಸುತ್ತೇನೆ. 1908ರ ಮಾರ್ಚ್ 5ರಂದು ಆ ರಂಗಮಂದಿರ ಸುಟ್ಟುಹೋಯಿತು. ಅವನಿಗೆ ಆಗ 81 ದಾಟಿತ್ತು. ಆ ವಯಸ್ಸಿನವನು ಕೈಚೆಲ್ಲಿ ಕುಳಿತರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಮರುವರ್ಷ ಡಿಸೆಂಬರ್ 17ಕ್ಕೆ ಹೊಸದು ಎದ್ದು ನಿಂತಿತು. ಹಳೆಯದು 1831ರಲ್ಲಿ ತೆರೆದದ್ದೂ ಇದೇ ತಾರೀಖಿಗೆ. ಅದು ಅವನ ತಂದೆಯ ಹುಟ್ಟುಹಬ್ಬ. ಹೊಸ ಕಟ್ಟಡದ ಹಣೆಯ ಮೇಲೆ ‘ಎರಡನೆಯ ಗೆಯೋರ್ಗ್, ಜನರ ಆನಂದಕ್ಕೂ ಉನ್ನತಿಗೂ’ ಎಂಬ ಅರ್ಥದ ಬರಹವಿದೆ. ಸೊನ್ನೆಬೆರ್ಗ್‌ನ ಮಕ್ಕಳನ್ನು ನಾನು ಮರೆಯುವುದಿಲ್ಲ. ಈ ಬರಹವನ್ನೂ ಮರೆಯುವುದಿಲ್ಲ.

ಹಳೆಯ ಪರದೆ

ಬಣ್ಣದ ಮನೆಯವರೇ, ನೀವು ಹೇಳಿದ್ದನ್ನು ಎರಡು ದಿನ ಯೋಚಿಸಿದೆ. ನಾನು ಡ್ಯೂಕನ ತ್ಯಾಗವನ್ನಷ್ಟೇ ನೋಡಿದ್ದೆ. ಎಲೆನ್ ಬಿಟ್ಟುಕೊಟ್ಟದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಉಳಿದದ್ದನ್ನು ಬರೆದು ಮುಗಿಸುತ್ತೇನೆ. ಇಟಲಿಯ ಕೋಮೋ ಸರೋವರದ ದಡದಲ್ಲಿ ವಿಲ್ಲಾ ಕಾರ್ಲೊಟ್ಟಾ ಎಂಬ ಪ್ರಸಿದ್ಧ ತೋಟದ ಮನೆಯಿದೆ. ಮೊದಲ ಹೆಂಡತಿ ಷಾರ್ಲೊಟ್ಟೆಗೆ ಅವಳ ತಾಯಿ ಕೊಟ್ಟ ಉಡುಗೊರೆ ಅದು. ಅವಳು ಹೋದ ಮೇಲೂ ಹೆಸರು ಬದಲಾಗಲಿಲ್ಲ. ಡ್ಯೂಕ್ ದಶಕಗಳ ಕಾಲ ಅಲ್ಲಿ ಅಜೇಲಿಯಾ, ರೋಡೊಡೆಂಡ್ರಾನ್ ಗಿಡಗಳನ್ನು ನೆಡಿಸುತ್ತಲೇ ಇದ್ದ. ಎಲೆನ್‌ಗಾಗಿ ಹೆಲ್ಡ್‌ಬುರ್ಗ್‌ನ ಬೆಟ್ಟದ ಮೇಲಿನ ಕೋಟೆಯನ್ನು ದುರಸ್ತಿ ಮಾಡಿಸಿದ. ಒಬ್ಬಳ ನೆನಪಿಗೆ ತೋಟ, ಒಬ್ಬಳ ಬದುಕಿಗೆ ಕೋಟೆ.

ಅವನು ತೀರಿಕೊಂಡಾಗ ಎಲೆನ್‌ಗೆ 75. ಯುದ್ಧ ಶುರುವಾಯಿತು, ವಾದ್ಯವೃಂದ ಚದುರಿತು. 1918ರ ನವೆಂಬರ್ 10ರಂದು ಬೆರ್ನ್‌ಹಾರ್ಟ್ ಪಟ್ಟ ಬಿಟ್ಟಿಳಿದ, ಸಂಸ್ಥಾನವೇ ಇಲ್ಲವಾಯಿತು. ಕೋಮೋ ದಡದ ಮನೆ ಇಟಲಿ ಸರ್ಕಾರದ ವಶವಾಯಿತು. 1923ರ ಮಾರ್ಚ್‌ನಲ್ಲಿ ಆಕೆ ತೀರಿಕೊಂಡಾಗ, ಅವಳನ್ನು ಡಚೆಸ್ ಎನ್ನಬೇಕೋ ಬೇಡವೋ ಎಂದು ತೀರ್ಮಾನಿಸುವ ಆಸ್ಥಾನ ಯಾವುದೂ ಜರ್ಮನಿಯಲ್ಲಿ ಉಳಿದಿರಲಿಲ್ಲ. ಒಂಬತ್ತು ವರ್ಷದಿಂದ ಕಾದಿಟ್ಟಿದ್ದ ಜಾಗದಲ್ಲಿ ಅವಳನ್ನು ಮಲಗಿಸಿದರು.

ನಾನು ಹೋದ ಭಾನುವಾರ ಅಲ್ಲಿ ಹೆಚ್ಚು ಜನರಿರಲಿಲ್ಲ. ಜರ್ಮನಿಯ ಸ್ಮಶಾನಗಳಲ್ಲಿ ನಲ್ಲಿಯ ಪಕ್ಕ ಹಸಿರು ಪ್ಲಾಸ್ಟಿಕ್ ಜಾರಿಗಳನ್ನು ತೂಗುಹಾಕಿರುತ್ತಾರೆ. ವಯಸ್ಸಾದ ಹೆಂಗಸೊಬ್ಬರು ಒಂದನ್ನು ತುಂಬಿಸಿಕೊಂಡು ಬಂದು ತಮ್ಮವರ ಸಮಾಧಿಯ ಹೂಗಿಡಗಳಿಗೆ ನೀರು ಹಾಕಿದರು, ಒಣಗಿದ ಎಲೆಗಳನ್ನು ಕಿತ್ತು ಮಡಿಲಿಗೆ ಹಾಕಿಕೊಂಡರು. ಜಾರಿಯಲ್ಲಿ ಇನ್ನೂ ಸ್ವಲ್ಪ ನೀರು ಉಳಿದಿತ್ತು. ಹೋಗುವ ದಾರಿಯಲ್ಲಿ ಡ್ಯೂಕ್ ದಂಪತಿಯ ಬಳಿ ನಿಂತು, ಆ ನೀರನ್ನು ಅಲ್ಲಿಯ ಗಿಡದ ಬುಡಕ್ಕೆ ಸುರಿದು, ಜಾರಿಯನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿ ಹೊರಟುಹೋದರು.